ಒಂದು ನಿಮಿಷದ ಕಾದಂಬರಿ

ಈ ಮಾತಿಗೆ ನನ್ನನ್ನು ಕರೆದಾಗ ಬಾನುಲಿ ಕೇಂದ್ರದವರು ವಿಷಯಕ್ಕಿಂತ ಮೊದಲು ಅವಧಿ ಹೇಳಿದರು. "ಮನೇಲಿ ಒಂದು ಸಲ ಗಟ್ಟಿಯಾಗಿ ಓದಿ, ಗಡಿಯಾರ ನೋಡ್ಕೊಂಡು ಬನ್ನಿ ಸಾರ್" ಅಂದರು. ಓದಿದೆ. ಹೆಚ್ಚಾಯಿತು. ಎರಡು ಹಾಳೆ ತೆಗೆದೆ. ಮತ್ತೆ ಓದಿದೆ. ಇನ್ನೂ ಹೆಚ್ಚು. ಅಡುಗೆಮನೆಯಿಂದಲೇ ಕೇಳಿಸಿಕೊಳ್ಳುತ್ತಿದ್ದ ನನ್ನ ಹೆಂಡತಿ, "ಆ ನಿಮ್ಮ ಹೈಸ್ಕೂಲು ಮೇಷ್ಟ್ರ ಕಥೆ ತೆಗೀರಿ, ಸರಿಹೋಗುತ್ತೆ" ಅಂದಳು. ತೆಗೆದೆ. ಸರಿಹೋಯಿತು. ಆ ಕಥೆ ಏನಿತ್ತೆಂದು ನಿಮಗೆ ಇನ್ನು ತಿಳಿಯುವುದಿಲ್ಲ. ತಿಳಿಯದೇ ಹೋದದ್ದರಿಂದ ನಿಮಗೆ ಏನೂ ಕಡಿಮೆಯಾಗಿಲ್ಲ ಅನ್ನುವುದು ಮಾತ್ರ ನನಗೆ ಸ್ವಲ್ಪ ಬೇಸರದ ವಿಷಯ.

ಮೂವತ್ತು ವರ್ಷಕ್ಕೂ ಮಿಕ್ಕಿ ನಾನು ಬೇರೆಯವರಿಗೆ ಈ ಬೇಸರವನ್ನು ಹಂಚುತ್ತ ಬಂದವನು. ಮೊದಲು ಒಂದು ಮುದ್ರಣಾಲಯದಲ್ಲಿ ಪ್ರೂಫ್ ನೋಡುತ್ತಿದ್ದೆ. ಆಮೇಲೆ ಒಬ್ಬ ಪ್ರಕಾಶಕರಲ್ಲಿ ಹಸ್ತಪ್ರತಿಗಳನ್ನು ಓದಿ ಅಭಿಪ್ರಾಯ ಬರೆಯುವ ಕೆಲಸಕ್ಕೆ ಕೂತೆ. ಅಲ್ಲಿಗೆ ಬರುತ್ತಿದ್ದ ಕಟ್ಟುಗಳಲ್ಲಿ ಮುಕ್ಕಾಲು ಪಾಲು ಮೊದಲ ಕಾದಂಬರಿಗಳು. ದಾರ ಕಟ್ಟಿದವು, ಸ್ಪೈರಲ್ ಬೈಂಡ್ ಮಾಡಿಸಿದವು, ಮೇಲೆ ಅರಿಶಿನ ಕುಂಕುಮ ಹಚ್ಚಿದವು ಕೂಡ. ಇವತ್ತು ನಾನು ಮಾತಾಡುತ್ತಿರುವುದು ಅಂಥ ಕಟ್ಟನ್ನು ಬೀರುವಿನಲ್ಲಿ ಇಟ್ಟುಕೊಂಡು, ಎಲ್ಲಿಗೆ ಕಳಿಸುವುದು, ಯಾರಿಗೆ ತೋರಿಸುವುದು ಎಂದು ಯೋಚಿಸುತ್ತಿರುವವರ ಜೊತೆಗೆ.

ಎರಡು ವರ್ಷದ ಹಿಂದೆ ಅರಸೀಕೆರೆ ಕಡೆಯ ಒಬ್ಬ ಶಾಲಾ ಶಿಕ್ಷಕಿ ನಮ್ಮ ಮನೆಗೇ ಬಂದರು. ಕೆಲಸ ಬಿಟ್ಟ ಮೇಲೂ ಹೀಗೆ ಬರುವವರಿದ್ದಾರೆ. ಕೈಯಲ್ಲಿ 412 ಹಾಳೆಯ ಕಾದಂಬರಿ. ಮೂರು ತಲೆಮಾರಿನ ಕಥೆ. ಕಾಫಿ ಕೊಟ್ಟು ಕೇಳಿದೆ: "ನಿಮ್ಮ ಕಾದಂಬರಿ ಏನು ಅಂತ ಒಂದು ನಿಮಿಷದಲ್ಲಿ ಹೇಳಿ ನೋಡೋಣ." ಅವರು ಮುತ್ತಜ್ಜ ಊರಿಗೆ ಬಂದದ್ದರಿಂದ ಶುರು ಮಾಡಿದರು. ಜಮೀನು, ಕೆರೆ ಏರಿ, ದಾಯಾದಿಗಳು, ಭಾಗ, ಪ್ಲೇಗು. ನಿಮಿಷ ಮುಗಿದಾಗ ಅಜ್ಜ ಇನ್ನೂ ಹುಟ್ಟಿರಲಿಲ್ಲ. ಆಕೆಗೂ ನಗು ಬಂತು, ನನಗೂ ಬಂತು. ಓದಿ ಹೇಳುತ್ತೇನೆ ಅಂದೆ. ಚಪ್ಪಲಿ ಮೆಟ್ಟುತ್ತಿದ್ದವರು ಬಾಗಿಲಲ್ಲಿ ನಿಂತು, ಏನೋ ನೆನಪಾದವರಂತೆ ಅಂದರು: "ಭಾಗ ಆದ ದಿನದಿಂದ ನಮ್ಮಜ್ಜಿ ಮನೆ ಬಾವಿ ನೀರು ಹನ್ನೊಂದು ವರ್ಷ ಕುಡೀಲಿಲ್ಲ ಸಾರ್. ಅರ್ಧ ಮೈಲಿ ನಡೆದು ಹೋಗಿ ತರ್ತಿದ್ರು." ನಾನು, "ಇದು ಕಾದಂಬರೀಲಿ ಇದೆಯಾ?" ಅಂದೆ. "ಇದೆ ಸಾರ್. ಮುನ್ನೂರನೇ ಪುಟದ ಆಸುಪಾಸಿನಲ್ಲಿ."

ಇದರ ಮುಂದಿನದನ್ನು ಆಮೇಲೆ ಹೇಳುತ್ತೇನೆ.

ಒಂದು ನಿಮಿಷದ ಈ ಪರೀಕ್ಷೆ ನಾನು ಕಂಡುಹಿಡಿದದ್ದಲ್ಲ. ಅಮೆರಿಕದಲ್ಲಿ ಇದಕ್ಕೆ ಸ್ಪರ್ಧೆಗಳೇ ಇವೆ. ಅಲ್ಲಿ ಇದನ್ನು ಪಿಚ್ ಅನ್ನುತ್ತಾರೆ. ನಮಗೆ ಪಿಚ್ ಅಂದರೆ ಚಿನ್ನಸ್ವಾಮಿ ಕ್ರೀಡಾಂಗಣದ ನಡುವೆ ಇರುವ ಜಾಗ. ಅವರಿಗೆ ತಮ್ಮ ಪುಸ್ತಕವನ್ನು ಕೊಳ್ಳುವವರ ಮುಂದೆ ಚುಟುಕಾಗಿ ಇಡುವ ಮಾತು. ಏರಿಯೆಲ್ ಎಕ್‌ಸ್ಟಟ್ ಮತ್ತು ಡೇವಿಡ್ ಹೆನ್ರಿ ಸ್ಟೆರಿ ಎಂಬ ದಂಪತಿ 'ಪಿಚಪಲೂಜಾ' ಎಂಬ ಹೆಸರಿನಲ್ಲಿ ಪುಸ್ತಕದಂಗಡಿಗಳಲ್ಲಿ ಇಂಥ ಸಂಜೆಗಳನ್ನು ನಡೆಸಿದರು. ಬಂದವರು ಹೆಸರು ಕೊಡುತ್ತಾರೆ, ಚೀಟಿ ಎತ್ತುತ್ತಾರೆ, ಹೆಸರು ಬಂದವರು ಎದ್ದು ನಿಂತು ಒಂದೇ ನಿಮಿಷದಲ್ಲಿ ತಮ್ಮ ಪುಸ್ತಕ ಏನೆಂದು ಹೇಳಬೇಕು. ಗಡಿಯಾರ ನಿಂತರೆ ಮಾತೂ ನಿಲ್ಲಬೇಕು. ತೀರ್ಪುಗಾರರು ಯಾವ ಮಾತು ಕಿವಿಗೆ ಹಿಡಿಯಿತು, ಯಾವುದು ಜಾರಿತು ಎಂದು ಅಲ್ಲೇ ಎಲ್ಲರ ಮುಂದೆ ಹೇಳುತ್ತಾರೆ. ಗೆದ್ದವರಿಗೆ ಅವರ ಪುಸ್ತಕಕ್ಕೆ ಹೊಂದುವ ಏಜೆಂಟನ್ನೋ ಪ್ರಕಾಶಕರನ್ನೋ ಪರಿಚಯ ಮಾಡಿಸಿಕೊಡುವುದೇ ಬಹುಮಾನ.

ಆಮೇಲೆ ಟ್ವಿಟರ್ ಬಂತು, ಒಂದು ನಿಮಿಷವೂ ಉದ್ದವೆನಿಸಿತು. ಪಿಟ್‌ಮ್ಯಾಡ್ ಎಂಬ ಹೆಸರಿನಲ್ಲಿ ಗೊತ್ತಾದ ದಿನ ಬರಹಗಾರರು ತಮ್ಮ ಇಡೀ ಕಾದಂಬರಿಯನ್ನು ಒಂದು ಟ್ವೀಟಿನಲ್ಲಿ ಇಡುತ್ತಿದ್ದರು. 280 ಅಕ್ಷರ, ಅಷ್ಟೇ. ಯಾರಾದರೂ ಏಜೆಂಟ್ ಅದಕ್ಕೆ ಮೆಚ್ಚುಗೆಯ ಗುರುತು ಒತ್ತಿದರೆ, ನಿಮ್ಮ ಹಸ್ತಪ್ರತಿ ಕಳಿಸಿ ಎಂದು ಅರ್ಥ. ಇದನ್ನು ನಡೆಸುತ್ತಿದ್ದ ಬ್ರೆಂಡಾ ಡ್ರೇಕ್ ಎಂಬ ಲೇಖಕಿ 2012ರಲ್ಲೇ 'ಪಿಚ್ ವಾರ್ಸ್' ಎಂಬ ಇನ್ನೊಂದನ್ನು ಆರಂಭಿಸಿದ್ದರು. ನನಗೆ ಹೆಚ್ಚು ಹಿಡಿಸಿದ್ದು ಅದು. ಅಲ್ಲಿ ಆಯ್ಕೆಯಾದ ಹೊಸಬರಿಗೆ ಪಳಗಿದ ಬರಹಗಾರರೊಬ್ಬರು ಜೊತೆಯಾಗುತ್ತಿದ್ದರು. ಕೆಲವು ತಿಂಗಳು ಇಬ್ಬರೂ ಕೂತು ಇಡೀ ಕಾದಂಬರಿಯನ್ನು ಬಿಚ್ಚಿ ಮತ್ತೆ ಹೊಲಿಯುತ್ತಿದ್ದರು. ಏಜೆಂಟರ ಕಣ್ಣಿಗೆ ಬೀಳುತ್ತಿದ್ದದ್ದು ಅದಾದ ಮೇಲೆ. ದುಡ್ಡಿಲ್ಲದೆ, ಸ್ವಂತ ಹೊತ್ತು ಖರ್ಚು ಮಾಡಿ ನಡೆಸುತ್ತಿದ್ದವರ ಮೇಲೆ ಹೊರೆ ಏರುತ್ತ ಹೋಯಿತು. 2022ರಲ್ಲಿ ಎರಡನ್ನೂ ನಿಲ್ಲಿಸಿದರು.

ಅಲ್ಲಿ ಇದೆಲ್ಲ ಯಾಕೆ ಬೇಕಾಯಿತು? ಅಲ್ಲಿನ ದೊಡ್ಡ ಪ್ರಕಾಶಕರು ನೇರವಾಗಿ ಬಂದ ಹಸ್ತಪ್ರತಿಯನ್ನು ಬಹುಪಾಲು ಮುಟ್ಟುವುದೇ ಇಲ್ಲ. ನಡುವೆ ಏಜೆಂಟ್ ಬೇಕು. ಲೇಖಕರಿಗೆ ಬರುವ ಹಣದಲ್ಲಿ ಸಾಮಾನ್ಯವಾಗಿ ನೂರಕ್ಕೆ ಹದಿನೈದು ಏಜೆಂಟರ ಪಾಲು. ಅಂಥ ಒಬ್ಬೊಬ್ಬ ಏಜೆಂಟರ ಮುಂದೆಯೂ ಹೊಸಬರ ಪತ್ರಗಳ ರಾಶಿ. ಆ ರಾಶಿಯೊಳಗಿಂದ ಒಂದು ಕಾಗದ ಕೈಗೆ ಹತ್ತಬೇಕಾದರೆ ಮೊದಲ ನಾಲ್ಕು ಸಾಲಿನಲ್ಲೇ ಏನೋ ಹಿಡಿಯಬೇಕು.

ನಮ್ಮಲ್ಲಿ ಆ ಕಷ್ಟ ಇಲ್ಲ. ಕನ್ನಡದಲ್ಲಿ ಏಜೆಂಟರಿಲ್ಲ. ಫೋನ್ ಮಾಡಿದರೆ ಪ್ರಕಾಶಕರೇ ಎತ್ತುತ್ತಾರೆ. ಧಾರವಾಡದ ಸುಭಾಸ ರಸ್ತೆಯ ಮನೋಹರ ಗ್ರಂಥಮಾಲೆಯ ಅಟ್ಟದ ಬಗ್ಗೆ ನೀವು ಕೇಳಿರಬಹುದು. ಜಿ. ಬಿ. ಜೋಶಿಯವರು 1933ರಲ್ಲಿ ಕಟ್ಟಿದ ಪ್ರಕಾಶನ ಅದು. ಚಂದಾದಾರರಿಂದ ಮುಂಗಡ ಹಣ ಪಡೆದು ವರ್ಷಕ್ಕಿಷ್ಟು ಪುಸ್ತಕ ಎಂದು ಕೊಡುತ್ತಿದ್ದರು. ಆ ಅಟ್ಟ ಹತ್ತಿ ಹೋಗಿ ಹಸ್ತಪ್ರತಿ ಕೊಟ್ಟವರಿದ್ದಾರೆ, ಹರಟೆಗೆ ಹೋಗಿ ಲೇಖಕರಾಗಿ ಇಳಿದವರೂ ಇದ್ದಾರೆ. ಕೀರ್ತಿನಾಥ ಕುರ್ತಕೋಟಿಯವರಂಥ ಓದುಗರು ಅಲ್ಲಿ ಕೂತಿದ್ದರು ಎಂದಮೇಲೆ ಹೊಸಬರಿಗೆ ಬೇರೆ ಪಾಠಶಾಲೆ ಯಾಕೆ? ಇನ್ನೂ ಹಿಂದಕ್ಕೆ ಹೋದರೆ ಗಳಗನಾಥರು ತಮ್ಮ ಕಾದಂಬರಿಗಳನ್ನು ತಾವೇ ಹೊತ್ತು ಊರೂರು ತಿರುಗಿ ಮಾರಿದರು. ಅವರು ಮನೆ ಮನೆ ಜಗಲಿಯ ಮೇಲೆ ಪುಸ್ತಕದ ಗಂಟು ಬಿಚ್ಚುವಾಗ ಏನು ಹೇಳುತ್ತಿದ್ದಿರಬೇಕು ಎಂದು ನಾನು ಎಷ್ಟೋ ಸಲ ಯೋಚಿಸಿದ್ದೇನೆ. ಬಾಗಿಲಲ್ಲಿ ನಿಂತವರಿಗೆ ಹೇಳುವುದಕ್ಕೆ ಒಂದು ನಿಮಿಷಕ್ಕಿಂತ ಹೆಚ್ಚು ಸಿಕ್ಕಿರಲಾರದು.

ನಮ್ಮ ಈ ಸಲೀಸಿನಿಂದ ಒಂದು ನಷ್ಟವೂ ಆಗಿದೆ. ಕನ್ನಡದ ಹೊಸ ಕಾದಂಬರಿಕಾರರನ್ನು ಯಾರೂ "ಇದು ಏನು?" ಎಂದು ಕೇಳುವುದಿಲ್ಲ. ನಾನೂರು ಹಾಳೆ ಕೊಟ್ಟರೆ ನಾನೂರು ಹಾಳೆ ಇಸಕೊಳ್ಳುತ್ತಾರೆ. ಓದುತ್ತಾರೋ ಇಲ್ಲವೋ, ಅದು ಬೇರೆ ಮಾತು. ಹಾಗಾಗಿ ಬರೆದವರು ತಮ್ಮನ್ನು ತಾವೂ ಕೇಳಿಕೊಳ್ಳುವುದಿಲ್ಲ.

ಹಾಗಾದರೆ ಈ ನಿಮಿಷದ ಪರೀಕ್ಷೆ ನಮ್ಮ ದೊಡ್ಡ ಕಾದಂಬರಿಗಳಿಗೆ ಒಗ್ಗುತ್ತದೆಯೇ? ನಿವೃತ್ತನಾದ ಮೇಲೆ ಹೊತ್ತು ಹೋಗದಿದ್ದಾಗ ನಾನು ಆಡುವ ಆಟ ಇದು. ಅನಂತಮೂರ್ತಿಯವರ 'ಸಂಸ್ಕಾರ'ವನ್ನು ತೆಗೆದುಕೊಳ್ಳಿ. ಒಂದು ಅಗ್ರಹಾರ. ಆಚಾರವನ್ನೆಲ್ಲ ಮುರಿದು ಬದುಕಿದ ಒಬ್ಬ ಬ್ರಾಹ್ಮಣ ಸತ್ತಿದ್ದಾನೆ. ಹೆಣ ಎತ್ತುವ ತನಕ ಯಾರೂ ಊಟ ಮಾಡುವ ಹಾಗಿಲ್ಲ, ಹೆಣಕ್ಕೆ ಸಂಸ್ಕಾರ ಮಾಡುವುದಕ್ಕೆ ಯಾರೂ ಸಿದ್ಧರಿಲ್ಲ. ಇದಕ್ಕೆ ಧರ್ಮಶಾಸ್ತ್ರದಲ್ಲಿ ಉತ್ತರ ಹುಡುಕಬೇಕಾದವನು ಊರಿಗೇ ದೊಡ್ಡ ಪಂಡಿತ, ಅವನಿಗೂ ಉತ್ತರ ಸಿಗುತ್ತಿಲ್ಲ. ಅರ್ಧ ನಿಮಿಷವೂ ಹಿಡಿಯಲಿಲ್ಲ ನೋಡಿ. ಕೇಳಿದವರು "ಆಮೇಲೆ?" ಎನ್ನದೆ ಬಿಡುವುದಿಲ್ಲ.

ಈ ಕಾದಂಬರಿ ಹುಟ್ಟಿದ್ದೂ ಒಂದು ಮಾತಿನಿಂದಲೇ. ಅನಂತಮೂರ್ತಿಯವರು ಬರ್ಮಿಂಗ್‌ಹ್ಯಾಮ್‌ನಲ್ಲಿ ಓದುತ್ತಿದ್ದಾಗ ತಮ್ಮ ಗುರು ಮಾಲ್ಕಮ್ ಬ್ರಾಡ್‌ಬರಿಯವರ ಜೊತೆ ಬರ್ಗ್‌ಮನ್‌ನ 'ಸೆವೆಂತ್ ಸೀಲ್' ಸಿನಿಮಾ ನೋಡಿದರು. ಯುರೋಪಿನವರು ತಮ್ಮ ಮಧ್ಯಯುಗವನ್ನು ಪುಸ್ತಕ ಓದಿ ಕಟ್ಟಿಕೊಳ್ಳಬೇಕು, ನಮಗೆ ಅದು ಇನ್ನೂ ಪಕ್ಕದ ಮನೆಯಲ್ಲೇ ಇದೆ ಎಂಬರ್ಥದ ಮಾತು ಅನಂತಮೂರ್ತಿಯವರ ಬಾಯಿಂದ ಬಂತು. ಹಾಗಿದ್ದರೆ ಅದನ್ನೇ ಬರೆ ಎಂದರು ಗುರುಗಳು. ಅನಂತಮೂರ್ತಿಯವರೇ ಹೇಳಿಕೊಂಡ ಸಂಗತಿ ಇದು. 1965ರಲ್ಲಿ ಅದನ್ನು ಅಚ್ಚು ಹಾಕಿಸಿದ್ದು ಧಾರವಾಡದ ಅದೇ ಅಟ್ಟ.

ಕಾರಂತರ 'ಚೋಮನ ದುಡಿ'ಯೂ ಈ ಪರೀಕ್ಷೆಯಲ್ಲಿ ಸಲೀಸಾಗಿ ಪಾಸು. ಒಬ್ಬ ದಲಿತ ಆಳಿಗೆ ತನ್ನದೇ ಹೊಲ ಉಳಬೇಕೆಂಬ ಆಸೆ. ಎತ್ತಿನ ಜೋಡಿ ಇದೆ, ನೆಲ ಇಲ್ಲ, ಕೊಡುವವರೂ ಇಲ್ಲ. ಎರಡೇ ವಾಕ್ಯ. 'ಕರ್ವಾಲೊ'? ಹಾರುವ ಓತಿಯನ್ನು ಹುಡುಕಿಕೊಂಡು ಕಾಡಿಗೆ ಹೊರಟ ಒಂದು ವಿಚಿತ್ರ ತಂಡ. ಮುಗಿಯಿತು.

ಈಗ ಕುವೆಂಪು ಅವರ 'ಮಲೆಗಳಲ್ಲಿ ಮದುಮಗಳು' ಹಿಡಿಯಿರಿ. 1967ರ ಪುಸ್ತಕ. ನಾಯಿಯನ್ನು ಕರೆದುಕೊಂಡು ಗುತ್ತಿ ಎಂಬ ಆಳು ತಿಮ್ಮಿಯನ್ನು ಮದುವೆಯಾಗಲು ಕರೆತರುವುದಕ್ಕೆ ಹೋಗುತ್ತಾನೆ. ಅಷ್ಟೇ ಹೇಳಿದರೆ ಏನು ಹೇಳಿದ ಹಾಗಾಯಿತು? ಮಳೆ ಬಿಟ್ಟುಹೋಯಿತು, ಕಾಡು ಬಿಟ್ಟುಹೋಯಿತು, ಉಳಿದ ಮದುಮಕ್ಕಳು, ಗೌಡರು, ಸಾಬರು, ಪಾದ್ರಿಗಳು, ಇಂಬಳಗಳು ಎಲ್ಲ ಬಿಟ್ಟುಹೋದವು. ನಾನು ಹತ್ತಾರು ಸಲ ಪ್ರಯತ್ನಿಸಿದ್ದೇನೆ. ಆ ಪುಸ್ತಕದ ಗುಟ್ಟು ಒಂದು ನಿಮಿಷಕ್ಕೆ ಸಿಗುವುದಿಲ್ಲ. ಅಮೆರಿಕದ ಯಾವ ಪುಸ್ತಕದಂಗಡಿಯಲ್ಲೂ ಕುವೆಂಪು ಅವರಿಗೆ ಬಹುಮಾನ ಬರುತ್ತಿರಲಿಲ್ಲ.

ಹೀಗಾಗಿ ಒಂದು ನಿಮಿಷದಲ್ಲಿ ಹೇಳಲಾಗದ ಕಾದಂಬರಿ ಕೆಟ್ಟದ್ದು ಎಂದು ನಾನು ಹೇಳುತ್ತಿಲ್ಲ. ಆದರೆ ಹೊಸಬರು ಇದನ್ನು ಕೇಳಿದ ತಕ್ಷಣ, "ನನ್ನದೂ ಮಲೆಗಳಲ್ಲಿ ಮದುಮಗಳು ಥರಾನೇ ಸಾರ್, ಹೇಳೋಕಾಗಲ್ಲ" ಅನ್ನುತ್ತಾರೆ. ಆ ಮಾತನ್ನು ನಾನು ಎಷ್ಟು ಸಲ ಕೇಳಿದ್ದೇನೆ ಅಂದರೆ, ಈಗ ಕೇಳಿದರೆ ಸುಮ್ಮನೆ ಇನ್ನೊಂದು ಲೋಟ ಕಾಫಿ ಕೊಡುತ್ತೇನೆ. ಕುವೆಂಪು ಅವರಿಗೆ ಅದು ಎರಡನೆಯ ಕಾದಂಬರಿ. 'ಕಾನೂರು ಹೆಗ್ಗಡಿತಿ' ಬಂದದ್ದು 1936ರಲ್ಲಿ. ನಡುವೆ ಮೂವತ್ತೊಂದು ವರ್ಷ.

ನಿಮಿಷದ ಉಪಯೋಗ ಮಾರಾಟಕ್ಕಿಂತ ಹುಡುಕಾಟಕ್ಕೆ. ಗಟ್ಟಿಯಾಗಿ ಹೇಳಿ, ಗೋಡೆಯ ಮುಂದಾದರೂ ಸರಿ. ಎಲ್ಲಿ ನಿಮ್ಮ ದನಿ ತಾನಾಗಿ ಏರುತ್ತದೆ, ಎಲ್ಲಿ 'ಆಮೇಲೆ, ಆಮೇಲೆ' ಎಂದು ಕಾಲೆಳೆಯುತ್ತದೆ, ಗಮನಿಸಿ. ದನಿ ಏರಿದ ಜಾಗ ಹಸ್ತಪ್ರತಿಯಲ್ಲಿ ಎಷ್ಟನೇ ಪುಟದಲ್ಲಿದೆ ಎಂದು ತೆಗೆದು ನೋಡಿ. ಅನೇಕರಿಗೆ ಅದು ಮುನ್ನೂರನೇ ಪುಟದ ಆಸುಪಾಸಿನಲ್ಲೇ ಇರುತ್ತದೆ.

ನಮ್ಮಲ್ಲಿ ಪಿಚ್ ಇಲ್ಲ. ಅದರ ಜಾಗದಲ್ಲಿ ಮುನ್ನುಡಿ ಇದೆ. ಹಸ್ತಪ್ರತಿ ಮುಗಿದ ತಕ್ಷಣ ನಮ್ಮ ಹೊಸ ಕಾದಂಬರಿಕಾರರು ಹಿರಿಯರೊಬ್ಬರ ಮನೆಗೆ ಹೋಗುತ್ತಾರೆ. ಹಣ್ಣು ಹಂಪಲು, ನಮಸ್ಕಾರ, "ನಾಲ್ಕು ಮಾತು ಬರ್ಕೊಡಿ ಸಾರ್." ಹಿರಿಯರು ಆರು ತಿಂಗಳು ಇಟ್ಟುಕೊಂಡು, ಕೊನೆಗೆ ಬಿಡುಗಡೆಯ ದಿನ ಗೊತ್ತಾದ ಮೇಲೆ, ಮೊದಲ ಮೂವತ್ತು ಪುಟ ಓದಿ ಬರೆದುಕೊಡುತ್ತಾರೆ. ಕಾದಂಬರಿ ಎಂಬ ಪ್ರಕಾರದ ಉಗಮ ಮತ್ತು ಬೆಳವಣಿಗೆ ಮೂರು ಪುಟ, ತಮ್ಮ ಬಾಲ್ಯ ಒಂದು ಪುಟ, ಈ ಪುಸ್ತಕದ ಬಗ್ಗೆ ಕೊನೆಯ ಒಂದು ಪ್ಯಾರ. ಮುನ್ನುಡಿ ಬರೆಯುವ ಹಿರಿಯರೆಲ್ಲ ಹೀಗೆ ಅಂತಲ್ಲ. ಇಡೀ ಹಸ್ತಪ್ರತಿಯನ್ನು ಪೆನ್ಸಿಲ್ ಹಿಡಿದು ಓದಿ, ಮುನ್ನುಡಿ ಬೇಡ, ಇದನ್ನು ಮತ್ತೆ ಬರಿ ಎಂದು ವಾಪಸು ಕಳಿಸಿದವರನ್ನೂ ಬಲ್ಲೆ. ಅಂಥವರು ಸಿಕ್ಕಿದರೆ ಬಿಡಬೇಡಿ. ಆದರೆ ನಿಮ್ಮ ಪುಸ್ತಕ ಏನೆಂದು ಹೇಳುವ ಕೆಲಸವನ್ನು ಇನ್ನೊಬ್ಬರ ಹೆಗಲಿಗೆ ಹಾಕುವುದು ನನಗೆ ಸರಿಬರುವುದಿಲ್ಲ. ಬೆನ್ನುಡಿಯ ಆ ನೂರು ಪದಗಳನ್ನಾದರೂ ಮೊದಲು ನೀವೇ ಬರೆದು ನೋಡಿ. ಅದೇ ನಿಮ್ಮ ಒಂದು ನಿಮಿಷ.

ಬರೆದವರು ತಮ್ಮ ಪುಸ್ತಕದ ಪರವಾಗಿ ತಾವೇ ಮಾತಾಡಲಾರದೆ, ಗೆಳೆಯನೊಬ್ಬ ಮಾತಾಡಿದ್ದರಿಂದ ಉಳಿದುಕೊಂಡ ಕಾದಂಬರಿಯೂ ನಮ್ಮ ಮೈಸೂರಿನದ್ದೇ ಒಂದಿದೆ. ಆರ್. ಕೆ. ನಾರಾಯಣ್ ಅವರ ಮೊದಲ ಕಾದಂಬರಿ ಒಬ್ಬೊಬ್ಬ ಪ್ರಕಾಶಕರಿಂದಲೂ ವಾಪಸು ಬರುತ್ತಿತ್ತು. ಬೇಸತ್ತ ಅವರು ಇಂಗ್ಲೆಂಡಿನಲ್ಲಿದ್ದ ಪೂರ್ಣ ಎಂಬ ಗೆಳೆಯನಿಗೆ, ಅದಕ್ಕೊಂದು ಕಲ್ಲು ಕಟ್ಟಿ ಥೇಮ್ಸ್ ನದಿಗೆ ಹಾಕಿಬಿಡು ಎಂದು ಬರೆದರು. ಗೆಳೆಯ ನದಿಗೆ ಹಾಕಲಿಲ್ಲ, ಇಂಗ್ಲಿಷ್ ಕಾದಂಬರಿಕಾರ ಗ್ರಹಾಂ ಗ್ರೀನ್ ಕೈಗೆ ಹಾಕಿದ. 1935ರಲ್ಲಿ ಲಂಡನ್ನಿನ ಹ್ಯಾಮಿಶ್ ಹ್ಯಾಮಿಲ್ಟನ್ ಪ್ರಕಾಶನದಿಂದ 'ಸ್ವಾಮಿ ಅಂಡ್ ಫ್ರೆಂಡ್ಸ್' ಬಂತು. ಇಂಥ ಗೆಳೆಯರು ಇರುವವರು ನನ್ನ ಮಾತು ಕೇಳಬೇಕಾಗಿಲ್ಲ, ರೇಡಿಯೋ ಆರಿಸಬಹುದು.

ಉಳಿದವರಿಗೆ ಸ್ಪರ್ಧೆಗಳಿವೆ. ವಾರಪತ್ರಿಕೆಗಳು ಕಾದಂಬರಿ ಸ್ಪರ್ಧೆ ನಡೆಸಿ, ಗೆದ್ದದ್ದನ್ನು ಧಾರಾವಾಹಿಯಾಗಿ ಹಾಕುತ್ತಿದ್ದ ಕಾಲವೊಂದಿತ್ತು. ಗುರುವಾರವೋ ಶುಕ್ರವಾರವೋ ಅಂಗಡಿಯ ಮುಂದೆ ಕಾದು ಮುಂದಿನ ಕಂತು ಓದುತ್ತಿದ್ದವರಲ್ಲಿ ನಾನೂ ಒಬ್ಬ. ಕಂತು ಕಟ್ಟುವುದು ಒಳ್ಳೆಯ ತಾಲೀಮು. ಪ್ರತಿ ವಾರ ಓದುಗ ನಿಮ್ಮ ಕೈಬಿಟ್ಟು ಹೋಗಬಹುದೆಂಬ ಭಯ ಒಂದೇ ಸಾಕು, ಭಾಷೆ ತಾನಾಗಿ ಚುರುಕಾಗುತ್ತದೆ. ಈಗ ಧಾರಾವಾಹಿಯ ಪುಟ ಕಡಿಮೆಯಾಗಿದೆ. ಕಂತಿನ ಜಾಗ ಪ್ರತಿಲಿಪಿಯಂಥ ಮೊಬೈಲ್ ಆಪ್‌ಗಳಿಗೆ ಹೋಗಿದೆ. ಅಲ್ಲಿ ಓದುಗರು ಸಿಗುತ್ತಾರೆ, ತಿದ್ದುವವರು ಸಿಗುವುದಿಲ್ಲ. ಸಣ್ಣಕಥೆಯ ಕಡೆಯಿಂದ ಬರುವವರಿಗೆ ಛಂದ ಪುಸ್ತಕ ಪ್ರಕಾಶನ ಮೊದಲ ಕಥಾಸಂಕಲನದ ಹಸ್ತಪ್ರತಿಗೆ ಬಹುಮಾನ ಕೊಟ್ಟು ತಾನೇ ಪ್ರಕಟಿಸುತ್ತ ಬಂದಿದೆ. ಅಲ್ಲಿಂದ ಶುರು ಮಾಡಿ ಕಾದಂಬರಿಗೆ ಬಂದವರು ಇದ್ದಾರೆ. ಕನ್ನಡ ಪುಸ್ತಕ ಪ್ರಾಧಿಕಾರಕ್ಕೆ ಯುವ ಬರಹಗಾರರ ಚೊಚ್ಚಲ ಕೃತಿಗೆ ಧನಸಹಾಯ ಕೊಡುವ ಯೋಜನೆ ಇದೆ. ವಯಸ್ಸಿನ ಮಿತಿ ಇರುತ್ತದೆ, ಆಯಾ ವರ್ಷದ ಪ್ರಕಟಣೆಯನ್ನು ಪೂರ್ತಿ ಓದಿ. ಅರ್ಜಿಯ ಕೊನೆಯ ದಿನದ ಮಾರನೇ ದಿನ ಫೋನ್ ಮಾಡುವುದು ನಮ್ಮ ಲೇಖಕರ ಹಳೆಯ ಚಾಳಿ.

ಪಿಚ್ ಎಂಬ ಹೆಸರಿಲ್ಲದೆ ಪಿಚ್ ಮಾಡಿಸುವ ಒಂದು ಯೋಜನೆ ನಮ್ಮ ದೇಶದಲ್ಲೂ ಬಂದಿದೆ. 2021ರಲ್ಲಿ ಕೇಂದ್ರ ಸರ್ಕಾರ ನ್ಯಾಷನಲ್ ಬುಕ್ ಟ್ರಸ್ಟ್ ಮೂಲಕ ಪಿಎಂ ಯುವ ಎಂಬ ಹೆಸರಿನಲ್ಲಿ, 30 ವರ್ಷದೊಳಗಿನ 75 ಬರಹಗಾರರನ್ನು ಆರಿಸುವ ಕೆಲಸ ಶುರು ಮಾಡಿತು. ಕನ್ನಡವೂ ಸೇರಿ ಅನೇಕ ಭಾಷೆಗಳಿಗೆ ಅವಕಾಶ. ಪೂರ್ತಿ ಪುಸ್ತಕ ಬೇಕಿಲ್ಲ, ಬರೆಯಲಿರುವುದರ ಮಾದರಿ ಕೊಟ್ಟರೆ ಸಾಕು. ಆಯ್ಕೆಯಾದವರಿಗೆ ಆರು ತಿಂಗಳು ಮಾರ್ಗದರ್ಶನ, ತಿಂಗಳಿಗೆ 50,000 ರೂಪಾಯಿ, ಪುಸ್ತಕ ಬಂದ ಮೇಲೆ ನೂರಕ್ಕೆ ಹತ್ತರಂತೆ ರಾಯಲ್ಟಿ. ಆರು ತಿಂಗಳು ಅನ್ನದ ಚಿಂತೆಯಿಲ್ಲದೆ ಬರೆಯುವುದು ಕನ್ನಡದ ಯಾವ ಹೊಸ ಲೇಖಕರಿಗೆ ಸಿಕ್ಕಿತ್ತು ಹೇಳಿ! ಆದರೆ ವಸ್ತು ಸರ್ಕಾರ ಗೊತ್ತುಮಾಡಿದ್ದು: ಮೊದಲ ಸುತ್ತಿನಲ್ಲಿ ಸ್ವಾತಂತ್ರ್ಯ ಹೋರಾಟ. ಮುಂದಿನ ಸುತ್ತುಗಳು ಕಾದಂಬರಿಯನ್ನು ಬಿಟ್ಟು ಕಥೇತರ ಗದ್ಯದ ಕಡೆ ಹೊರಳಿದವು. ಮನೆಯ ಬಾವಿಯ ಬಗ್ಗೆ ಬರೆಯಬೇಕೆಂದಿರುವವರಿಗೆ ಆ ಬಾಗಿಲು ಸ್ವಲ್ಪ ಕಿರಿದು.

ಯಾವ ಸ್ಪರ್ಧೆಗೇ ಕಳಿಸಿ, ನಿಯಮಗಳನ್ನು ಎರಡು ಸಲ ಓದಿ. ಹಸ್ತಪ್ರತಿಯ ಒಳಗೆ ಎಲ್ಲೂ ಹೆಸರು ಇರಬಾರದು ಎಂದಿದ್ದರೆ ಅರ್ಪಣೆಯ ಪುಟ ತೆಗೆಯಿರಿ. 'ನನ್ನ ತಂದೆ ಇಂಥವರಿಗೆ' ಎಂದು ಬರೆದು ತಮ್ಮ ಪೂರ್ತಿ ವಂಶಾವಳಿ ತೀರ್ಪುಗಾರರ ಮುಂದಿಟ್ಟವರನ್ನು ನೋಡಿದ್ದೇನೆ. ಎಲ್ಲೂ ಪ್ರಕಟವಾಗಿರಬಾರದು ಎಂದರೆ ಫೇಸ್‌ಬುಕ್ಕೂ 'ಎಲ್ಲೂ' ಎಂಬುದರಲ್ಲಿ ಸೇರುತ್ತದೆ. ಒಂದು ಪ್ರತಿ ಮನೆಯಲ್ಲಿರಲಿ. ಟೈಪು ಮಾಡುವವರು ಯೂನಿಕೋಡ್‌ನಲ್ಲೇ ಮಾಡಿ, ಜೊತೆಗೆ ಪಿಡಿಎಫ್ ಕೊಡಿ. ಅಚ್ಚಿಗಾಗಿ ನುಡಿ ತಂತ್ರಾಂಶದ ಅಕ್ಷರಕ್ಕೆ ಬದಲಾಯಿಸುವಾಗ ಒತ್ತಕ್ಷರ, ಅರ್ಕಾವತ್ತುಗಳು ಎಲ್ಲೆಲ್ಲೋ ಹಾರಿ ಕೂರುತ್ತವೆ. 'ಅರ್ಥ' ಹೋಗಿ 'ಅಥರ್' ಆದದ್ದನ್ನು ಹಿಡಿಯುತ್ತ ನನ್ನ ಕಣ್ಣಿನ ಪವರ್ ಎರಡು ಸಲ ಏರಿದೆ.

ಸ್ಪರ್ಧೆಗೆ ಪ್ರವೇಶ ಶುಲ್ಕ ಕೇಳಿದರೆ, ಗೆದ್ದ ಮೇಲೆ ನೂರು ಪ್ರತಿ ನೀವೇ ಕೊಳ್ಳಬೇಕು ಎಂದರೆ, ಅದು ನಿಮ್ಮ ಜೇಬಿನ ಸ್ಪರ್ಧೆ. ನನಗೆ ಪರಿಚಯದ ಹುಡುಗನೊಬ್ಬ ಹೀಗೆ ಗೆದ್ದು, ಮನೆಯ ಮಂಚದ ಕೆಳಗೆ ತುಂಬಿಟ್ಟ ತನ್ನದೇ ಪುಸ್ತಕದ ಕಟ್ಟುಗಳ ಮೇಲೆ ಈಗಲೂ ಮಲಗುತ್ತಾನೆ. ದುಡ್ಡು ಕೊಟ್ಟು ಅಚ್ಚು ಹಾಕಿಸುವುದು ತಪ್ಪಲ್ಲ. ಕಾರಂತರು ತಮ್ಮ ಪುಸ್ತಕಗಳನ್ನು ಪುತ್ತೂರಿನಲ್ಲಿ ತಾವೇ ಅಚ್ಚು ಹಾಕಿ ಮಾರಿದರು. ತಾನೇ ಪ್ರಕಾಶಕ ಎಂದು ಗೊತ್ತಿದ್ದು ಮಾಡುವುದು ಒಂದು, ಬಹುಮಾನ ಬಂತೆಂದು ನಂಬಿ ಕೈಯಿಂದ ತೆರುವುದು ಇನ್ನೊಂದು.

ಒಪ್ಪಂದದ ಬಗ್ಗೆ ಒಂದು ಮಾತು. ನಮ್ಮಲ್ಲಿ ಎಷ್ಟೋ ಪುಸ್ತಕಗಳು ಬಾಯಿಮಾತಿನ ಮೇಲೆ ಬಂದಿವೆ, ಸಂಬಂಧಗಳು ಕೆಡದೆಯೂ ಉಳಿದಿವೆ. ಆದರೂ ಕಾಗದ ಇರಲಿ. 1957ರ ಕೃತಿಸ್ವಾಮ್ಯ ಕಾಯಿದೆಯ ಪ್ರಕಾರ ಹಕ್ಕು ಬಿಟ್ಟುಕೊಡುವುದು ಬರವಣಿಗೆಯಲ್ಲಿ, ಸಹಿಯೊಂದಿಗೆ ಆದರೆ ಮಾತ್ರ ಊರ್ಜಿತ. ಎಷ್ಟು ವರ್ಷಕ್ಕೆಂದು ಅದರಲ್ಲಿ ಹೇಳಿರದಿದ್ದರೆ ಐದು ವರ್ಷ ಎಂದು ಲೆಕ್ಕ. ಎಲ್ಲೆಲ್ಲಿಗೆ ಎಂದು ಹೇಳಿರದಿದ್ದರೆ ಭಾರತಕ್ಕೆ ಮಾತ್ರ. ಲೇಖಕರು ತೀರಿಕೊಂಡ ಮೇಲೂ 60 ವರ್ಷ ಹಕ್ಕು ಮನೆಯವರದು. 'ಎಲ್ಲ ಹಕ್ಕುಗಳೂ ಶಾಶ್ವತವಾಗಿ ಪ್ರಕಾಶಕರವು' ಎಂಬ ಒಂದು ಸಾಲು ಸಿನಿಮಾ, ಧಾರಾವಾಹಿ, ಅನುವಾದ, ಆಡಿಯೋ ಪುಸ್ತಕ ಎಲ್ಲವನ್ನೂ ಒಟ್ಟಿಗೇ ನುಂಗಿಬಿಡುತ್ತದೆ. ಅಂಥ ಸಾಲು ಕಂಡರೆ ಕೇಳಿ. ಕೇಳಿದರೆ ಪುಸ್ತಕ ಹಾಕಲಾರರೇನೋ ಎಂಬ ಅಂಜಿಕೆಯಿಂದ ಸಹಿ ಹಾಕಿದವರ ಪಟ್ಟಿ ದೊಡ್ಡದಿದೆ, ಆ ಪಟ್ಟಿಯಲ್ಲಿ ನನ್ನ ಹೆಸರೂ ಒಂದು ಕಡೆ ಇದೆ.

ಹಣದ ಲೆಕ್ಕ ಬೇಗ ಮುಗಿಯುತ್ತದೆ. ಹೊಸಬರ ಕಾದಂಬರಿಗೆ ಸಾವಿರ ಪ್ರತಿ ಎಂದರೆ ಧೈರ್ಯದ ಮಾತು, ಐನೂರು ಹಾಕುವವರೇ ಹೆಚ್ಚು. 200 ರೂಪಾಯಿ ಮುಖಬೆಲೆಗೆ ನೂರಕ್ಕೆ ಹತ್ತರಂತೆ ರಾಯಲ್ಟಿ ಎಂದರೆ, ಐನೂರೂ ಖರ್ಚಾದ ದಿನ ನಿಮಗೆ ಬರುವುದು 10,000 ರೂಪಾಯಿ. ಎಷ್ಟೋ ಸಲ ಅದು ಪುಸ್ತಕದ ರೂಪದಲ್ಲೇ ಬರುತ್ತದೆ. ಪ್ರಕಾಶಕರ ಕಣ್ಣು ಗ್ರಂಥಾಲಯ ಇಲಾಖೆಯ ಖರೀದಿಯ ಮೇಲೆ. ಅಲ್ಲಿ ಬೆಲೆ ಕಟ್ಟುವುದು ಪುಟದ ಲೆಕ್ಕದಲ್ಲಿ. ಹದಿನಾರು ಪುಟಕ್ಕೊಂದು ಫಾರಂ ಎಂದು ಎಣಿಸಿ, ಇನ್ನೊಂದು ಫಾರಂ ಬೆಳೆದರೆ ಒಳ್ಳೆಯದಿತ್ತು ಎಂದು ಯಾರಾದರೂ ಹೇಳಿದರೆ ನಿಮ್ಮ ಕಾದಂಬರಿಯ ಒಳಗುಟ್ಟು ಅವರಿಗೆ ತಿಳಿದು ಹೇಳಿದ್ದಾರೆಂದು ಭಾವಿಸಬೇಡಿ.

ಗಾಜಿನ ಆಚೆ ಕೂತವರು ಒಂದು ಬೆರಳು ಎತ್ತಿ ತೋರಿಸುತ್ತಿದ್ದಾರೆ. ಇನ್ನೊಂದು ನಿಮಿಷ.

ಆ ಶಿಕ್ಷಕಿಯ ವಿಷಯ ಅರ್ಧಕ್ಕೆ ಬಿಟ್ಟಿದ್ದೆ. ಅವರ 412 ಹಾಳೆಗಳನ್ನು ಓದಿ, ಬಾವಿಯ ಕಡೆಯಿಂದ ಮತ್ತೆ ಶುರು ಮಾಡಿ ನೋಡಿ ಎಂದು ಒಂದು ಕಾಗದ ಬರೆದೆ. ಉತ್ತರ ಬರಲಿಲ್ಲ. ಕೋಪ ಬಂತೇನೋ ಅಂದುಕೊಂಡೆ. ಬಂದಿದ್ದರೆ ಅದೂ ನ್ಯಾಯವೇ, ಮುತ್ತಜ್ಜನಿಂದ ಹಿಡಿದು ಅಷ್ಟು ಜನರನ್ನು ಮನೆಯಿಂದ ಹೊರಗೆ ಹಾಕಿ ಅಂದವನು ನಾನು. ಹೋದ ತಿಂಗಳು ಅಂಚೆಯಲ್ಲಿ ಒಂದು ಕಟ್ಟು ಬಂತು. 236 ಹಾಳೆ. ಮುತ್ತಜ್ಜ ಇಲ್ಲ. ಪ್ಲೇಗು ಇಲ್ಲ. ಮೊದಲ ಪುಟದಲ್ಲಿ ಒಬ್ಬ ಹೆಂಗಸು ಬೆಳಗಿನ ಜಾವ ಖಾಲಿ ಬಿಂದಿಗೆ ಹಿಡಿದು ತನ್ನ ಮನೆಯ ಬಾವಿಯನ್ನು ದಾಟಿ ಹೋಗುತ್ತಿದ್ದಾಳೆ. ಯಾಕೆ ಎಂದು ಅರವತ್ತನೇ ಪುಟದವರೆಗೂ ಹೇಳಿಲ್ಲ. ಅಲ್ಲಿಯವರೆಗೆ ಓದಿದ್ದೇನೆ. ಇವತ್ತು ಇಲ್ಲಿಂದ ಮನೆಗೆ ಹೋಗಿ ಅರವತ್ತೊಂದನೆಯದನ್ನು ತೆರೆಯಬೇಕು.